ಸೊನ್ನೆಯ ಮೇಲೆ ನಿಂತ ಮುಳ್ಳು

ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಾಡಿದ ಕೆಲಸ ಏನು ಅಂತ ಶಿವಮೊಗ್ಗದ ದುರ್ಗಿಗುಡಿಯ ನಮ್ಮ ನೆರೆಹೊರೆಯವರಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. "ಪಾರ್ವತಮ್ಮ ಫ್ಯಾಕ್ಟರೀಲಿ ಮೀಟರ್ ನೋಡ್ತಿದ್ರು" ಅಂತಾರೆ. ಕರೆಂಟ್ ಬಿಲ್ಲು ಹಿಡಿದುಕೊಂಡು ಬಂದು, "ಈ ತಿಂಗಳು ಯಾಕೆ ಹೀಗೆ ಬಂದಿದೆ, ಸ್ವಲ್ಪ ನೋಡಿ ಹೇಳಿ" ಅನ್ನುವವರೂ ಇದ್ದಾರೆ. ನಾನು ಕನ್ನಡಕ ಹಾಕಿಕೊಂಡು ಗಂಭೀರವಾಗಿ ನೋಡಿ ವಾಪಸ್ ಕೊಡ್ತೀನಿ. ಬೇರೇನು ಮಾಡೋದು?

ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರಿಗೆ ನಾಲ್ಕು ಮಾತು ಬರೆದುಕೊಡಿ ಅಂತ ಹಳೆಯ ಸಹೋದ್ಯೋಗಿಯೊಬ್ಬರು ಕೇಳಿದರು. ಬಡ್ತಿ, ಸನ್ಮಾನ, ಬೀಳ್ಕೊಡುಗೆಯ ಶಾಲು ಇವೆಲ್ಲ ಬಿಟ್ಟು, ಕೆಲಸ ನಿಜವಾಗಿ ಹೇಗಿರುತ್ತದೆ ಅನ್ನುವುದನ್ನು ಬರೆಯೋಣ ಅಂತ ಕೂತಿದ್ದೀನಿ.

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ ರದ್ದಿ ಕಾಗದದಿಂದ ರಟ್ಟು ಮಾಡುವ ಒಂದು ಖಾಸಗಿ ಕಾರ್ಖಾನೆ ಇತ್ತು. ಹೆಸರು ಬೇಡ. ಡಿಪ್ಲೊಮಾ ಮುಗಿಸಿ ಅಲ್ಲಿನ ಇನ್‌ಸ್ಟ್ರುಮೆಂಟ್ ಸೆಕ್ಷನ್‌ಗೆ ಸೇರಿದಾಗ ಆ ಸೆಕ್ಷನ್‌ನಲ್ಲಿ ನಾನೊಬ್ಬಳೇ ಹೆಂಗಸು. ನಮ್ಮೂರು ಹೊಳಲೂರಿನಿಂದ ನಮ್ಮಪ್ಪ ನನ್ನ ಜೊತೆ ಗೇಟಿನವರೆಗೂ ಬಂದಿದ್ದರು. ನಮ್ಮ ಮುಖ್ಯಸ್ಥರಾದ ಚಂದ್ರಶೇಖರಯ್ಯ ಅಪ್ಪನನ್ನು ಒಳಗೆ ಕರೆದು ಕಾಫಿ ಕುಡಿಸಿ, "ಯಜಮಾನ್ರೇ, ನಿಮ್ಮ ಮಗಳಿಗೆ ಇಲ್ಲಿ ಕಷ್ಟ ಇದೆ. ಬಿಸಿಲು, ಆವಿ, ಗದ್ದಲ. ಆದ್ರೆ ಅವಮಾನ ಇಲ್ಲ. ಅದಕ್ಕೆ ನಾನು ಜವಾಬ್ದಾರಿ" ಅಂದರು. ಅಪ್ಪ ಆಮೇಲೆ ಯಾವತ್ತೂ ಗೇಟಿಗೆ ಬರಲಿಲ್ಲ.

ಕೆಲಸ ಹೀಗೆ. ತಿರುಗುವ ಉರುಳೆಯ ತುದಿಗೆ ಒಂದು ಹಲ್ಲುಚಕ್ರ ಕೂರಿಸಿರುತ್ತಾರೆ. ಪಕ್ಕದಲ್ಲಿ ಬೆರಳುದ್ದದ ಸೆನ್ಸರ್. ಪ್ರತಿ ಹಲ್ಲು ಎದುರಿಗೆ ಬಂದಾಗ ಸೆನ್ಸರ್ ಒಂದು ಮಿಡಿತ ಕಳಿಸುತ್ತದೆ. ಅದನ್ನು ನಾವು ಪಲ್ಸ್ ಅಂತೀವಿ. ಉರುಳೆ ಜೋರಾದರೆ ಪಲ್ಸ್ ಒತ್ತೊತ್ತಾಗಿ ಬರುತ್ತವೆ, ನಿಧಾನವಾದರೆ ಬಿಡಿಬಿಡಿಯಾಗಿ. ಆದರೆ ದೂರದ ಪ್ಯಾನೆಲ್ ರೂಮಿನಲ್ಲಿ ಕೂತ ಆಪರೇಟರ್‌ಗೆ ಪಲ್ಸ್ ಎಣಿಸಿಕೊಂಡು ಕೂರಲು ಆಗುತ್ತದೆಯೇ? ಅವನಿಗೆ ಬೇಕಾಗಿರುವುದು ವೇಗ ತೋರಿಸುವ ಒಂದು ಮುಳ್ಳು. ನಡುವೆ ಕೂತ ಕನ್ವರ್ಟರ್ ಅನ್ನುವ ಡಬ್ಬಿ, ಪಲ್ಸ್ ಎಷ್ಟು ಬೇಗ ಬರುತ್ತಿವೆ ಅಂತ ನೋಡಿ, ಅದಕ್ಕೆ ತಕ್ಕ ಹಾಗೆ ಸಣ್ಣ ಕರೆಂಟ್ ಕಳಿಸುತ್ತದೆ. ನಿಂತಿದ್ದರೆ ನಾಲ್ಕು ಮಿಲಿಆಂಪ್, ಪೂರ್ತಿ ವೇಗಕ್ಕೆ ಇಪ್ಪತ್ತು. ಮುಳ್ಳು ಆ ಕರೆಂಟಿಗೆ ತಕ್ಕಂತೆ ಏಳುತ್ತದೆ, ಇಳಿಯುತ್ತದೆ. ಸೊನ್ನೆಗೂ ನಾಲ್ಕು ಯಾಕೆ ಅಂತ ಹೊಸಬರೆಲ್ಲ ಕೇಳ್ತಾರೆ. ತಂತಿ ತುಂಡಾದರೆ ಆ ನಾಲ್ಕೂ ಇರೋದಿಲ್ಲ, ಆಗ ಕೆಟ್ಟಿದೆ ಅಂತ ಗೊತ್ತಾಗುತ್ತೆ. ಬಹಳ ಬುದ್ಧಿವಂತ ಏರ್ಪಾಡು ಅಂತ ನಾನು ಆಗೆಲ್ಲ ಮೆಚ್ಚಿಕೊಂಡಿದ್ದೆ.

ಮೊದಲಿನ ಕನ್ವರ್ಟರ್‌ಗಳಲ್ಲಿ ಎರಡು ಪುಟ್ಟ ಸ್ಕ್ರೂ ಇರುತ್ತಿದ್ದವು, ಸೊನ್ನೆಗೊಂದು, ಪೂರ್ತಿಗೊಂದು. ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುತ್ತಿತ್ತು, ಅತ್ತೆ ಸೊಸೆಯ ಹಾಗೆ. ಇಬ್ಬರನ್ನೂ ಒಪ್ಪಿಸುವಷ್ಟರಲ್ಲಿ ಊಟದ ಗಂಟೆ ಹೊಡೆದಿರುತ್ತಿತ್ತು. ಈಗ ಲ್ಯಾಪ್‌ಟಾಪ್ ಜೋಡಿಸಿ ಸಂಖ್ಯೆ ಹಾಕಿದರೆ ಮುಗಿಯಿತು. ಎಷ್ಟೋ ಕಡೆ ಕನ್ವರ್ಟರೇ ಇಲ್ಲ, ಪಲ್ಸ್ ನೇರವಾಗಿ ಕಂಪ್ಯೂಟರಿಗೆ ಹೋಗುತ್ತದೆ. ಒಳ್ಳೆಯದೇ ಆಯಿತು. ಹಳೆಯದೇ ಚೆನ್ನಾಗಿತ್ತು ಅನ್ನುವವಳು ನಾನಲ್ಲ.

ಒಂದು ತಮಾಷೆಯ ಪ್ರಸಂಗ ಹೇಳಿ ಮುಂದೆ ಹೋಗ್ತೀನಿ. ಬಾಯ್ಲರ್‌ಗೆ ಹೋಗುವ ನೀರಿನ ಪೈಪಿನಲ್ಲಿ ಸಣ್ಣ ಚಕ್ರದ ಮೀಟರ್ ಇತ್ತು. ಅದೂ ಪಲ್ಸ್ ಕೊಡುವಂಥದ್ದೇ. ಒಂದು ವಾರ ಅದರ ಮುಳ್ಳು ಇದ್ದಕ್ಕಿದ್ದಂತೆ ಮೇಲಕ್ಕೆ ಹಾರುವುದು, ಮತ್ತೆ ಸುಮ್ಮನಾಗುವುದು. ಮೀಟರ್ ಬಿಚ್ಚಿದೆವು, ತೊಳೆದೆವು, ಕನ್ವರ್ಟರ್ ಬದಲಿಸಿದೆವು. ಬಾಯ್ಲರ್‌ನವರು "ಗಾಳಿ ಸೋಕಿದೆ, ಒಂದು ನಿಂಬೆಹಣ್ಣು ಕಟ್ಟಿ ಮೇಡಂ" ಅಂದರು. ಚಂದ್ರಶೇಖರಯ್ಯ ಕುರ್ಚಿ ಹಾಕಿಕೊಂಡು ಮೀಟರಿನ ಎದುರು ಕೂತರು. ಮುಳ್ಳು ಹಾರಿದಾಗಲೆಲ್ಲ ಸುತ್ತ ನೋಡಿದರು. ಗೋಡೆಯ ಆಚೆ ಒಬ್ಬ ವೆಲ್ಡಿಂಗ್ ಮಾಡುತ್ತಿದ್ದ. ಅವನು ಕಿಡಿ ಹಾರಿಸಿದಾಗಲೆಲ್ಲ ನಮ್ಮ ತಂತಿಯಲ್ಲಿ ಸುಳ್ಳು ಪಲ್ಸ್ ಹುಟ್ಟುತ್ತಿತ್ತು. ಪೈಪಿನಲ್ಲಿ ಇಲ್ಲದ ನೀರು ಪ್ಯಾನೆಲ್ಲಿನಲ್ಲಿ ಹರಿಯುತ್ತಿತ್ತು! ತಂತಿಯ ಕವಚಕ್ಕೆ ಸರಿಯಾಗಿ ಅರ್ತಿಂಗ್ ಕೊಟ್ಟು ನೆಲಕ್ಕೆ ಜೋಡಿಸಿದ ಮೇಲೆ ಗಾಳಿ ಬಿಟ್ಟುಹೋಯಿತು. "ಇದ್ದದ್ದನ್ನ ಹೇಳೋ ಮೀಟರ್ ಒಳ್ಳೇದು. ಇಲ್ಲದ್ದನ್ನ ಹೇಳೋದು ಕೆಟ್ಟದ್ದು. ಇದ್ದದ್ದನ್ನ ಇಲ್ಲ ಅನ್ನೋದಿದೆಯಲ್ಲ, ಅದು ಎಲ್ಲಕ್ಕಿಂತ ಕೆಟ್ಟದ್ದು" ಅಂದಿದ್ದರು ಅವರು ಅವತ್ತು. ಆ ಮೂರನೆಯ ಬಗೆಯದನ್ನು ನೋಡುವ ದಿನವೂ ಬಂತು.

ಷಡಕ್ಷರಿ ಅಂತ ಒಬ್ಬರು ಪ್ಯಾನೆಲ್ ಆಪರೇಟರ್ ಇದ್ದರು. ಮಿತಭಾಷಿ, ಹಣೆಯ ಮೇಲೆ ವಿಭೂತಿ ಇಲ್ಲದೆ ಶಿಫ್ಟಿಗೆ ಬಂದವರಲ್ಲ. ಮಿಷಿನ್ ಹತ್ತಿರ ಕೆಲಸ ಮಾಡುತ್ತಿದ್ದವನು ಸೆಲ್ವರಾಜ್. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಭದ್ರಾವತಿಯ ಜನ್ನಾಪುರದಲ್ಲಿ ಇಬ್ಬರ ಮನೆಯೂ ಒಂದೇ ಬೀದಿ. ಒಂದೇ ಸ್ಕೂಟರಿನಲ್ಲಿ ಶಿಫ್ಟಿಗೆ ಬರುತ್ತಿದ್ದರು. ಷಡಕ್ಷರಿಯವರ ಹೆಂಡತಿಗೆ ಹೆರಿಗೆಯಾದಾಗ ಆಸ್ಪತ್ರೆಗೆ ಗಂಜಿ ತಂದುಕೊಟ್ಟವಳು ಸೆಲ್ವರಾಜನ ಹೆಂಡತಿ ವಳ್ಳಿ.

ರಟ್ಟಿನ ಮಿಷಿನ್ನಿನಲ್ಲಿ ಹಸಿ ಹಾಳೆಯನ್ನು ಒಣಗಿಸಲು ಆಳೆತ್ತರದ ಕಬ್ಬಿಣದ ಉರುಳೆಗಳಿರುತ್ತವೆ, ಒಳಗೆ ಆವಿ. ಹಾಳೆ ಹರಿದರೆ ಮಿಷಿನ್ ನಿಲ್ಲಿಸಿ, ಉರುಳೆಗಳ ಸಂದಿಯಲ್ಲಿ ಸಿಕ್ಕಿಕೊಂಡ ಚೂರುಗಳನ್ನು ಎಳೆದು ತೆಗೆಯಬೇಕು. ಮೋಟಾರ್ ಆಫ್ ಮಾಡಿದ ಕೂಡಲೇ ಅಷ್ಟು ಭಾರದ ಉರುಳೆ ನಿಲ್ಲುವುದಿಲ್ಲ, ತನ್ನ ಪಾಡಿಗೆ ತಾನು ಬಹಳ ಹೊತ್ತು ಉರುಳುತ್ತಿರುತ್ತದೆ. ಅದಕ್ಕೇ ಒಂದು ಕಟ್ಟಳೆ ಇತ್ತು. ಮುಳ್ಳು ಸೊನ್ನೆಗೆ ಬಂದು ಹಸಿರು ದೀಪ ಹತ್ತಬೇಕು. ಪ್ಯಾನೆಲ್ ಆಪರೇಟರ್ ಅದನ್ನು ನೋಡಿ ಇಂಟರ್‌ಕಾಮಿನಲ್ಲಿ "ನಿಂತಿದೆ" ಅನ್ನಬೇಕು. ಆಮೇಲೆ ಕೆಳಗಿನವರು ಒಳಗೆ ಹೋಗಬೇಕು.

ಆ ದಿನ ಬೆಳಗಿನ ಶಿಫ್ಟಿನಲ್ಲಿ ಹಾಳೆ ಹರಿಯಿತು. ಮಿಷಿನ್ ನಿಲ್ಲಿಸಿದರು. ಷಡಕ್ಷರಿ "ನಿಂತಿದೆ" ಅಂದರು. ಸೆಲ್ವರಾಜ್ ಒಳಗೆ ಹೋಗಿ ಸಂದಿಗೆ ಕೈ ಹಾಕಿದ. ಉರುಳೆ ನಿಂತಿರಲಿಲ್ಲ.

ಬಲಗೈಯ ಎರಡು ಬೆರಳು ಹೋದವು. ಜೋರಾಗಿ ತಿರುಗುವ ಉರುಳೆಯ ಹತ್ತಿರ ಯಾರೂ ಕೈ ತರುವುದಿಲ್ಲ ಮಕ್ಕಳೇ. ಆಮೆಯಂತೆ ತೆವಳುವುದು ಇದೆಯಲ್ಲ, ಅದೇ ಅಪಾಯ. ಮೈಯೆಲ್ಲ ನುಣುಪು, ಸುತ್ತ ಆವಿ, ಫ್ಯಾನುಗಳ ಗದ್ದಲ, ಅದು ತಿರುಗುತ್ತಿದೆ ಅಂತ ಕಣ್ಣಿಗೆ ಕಾಣುವುದೇ ಇಲ್ಲ.

ಸೆಲ್ವರಾಜನನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ದರು. ಇತ್ತ ವಿಚಾರಣೆ ಶುರುವಾಯಿತು. ನನಗೆ ಕನ್ವರ್ಟರ್ ಪರೀಕ್ಷೆ ಮಾಡಲು ಹೇಳಿದರು. ಪುಸ್ತಕದಲ್ಲಿ ಹೇಳಿದ ಹಾಗೆ ಪೂರ್ತಿ ವೇಗಕ್ಕೆ, ಅರ್ಧಕ್ಕೆ, ಕಾಲು ಭಾಗಕ್ಕೆ ಸಮನಾದ ಪಲ್ಸ್ ಕೊಟ್ಟು ನೋಡಿದೆ, ಸರಿಯಾಗಿತ್ತು. ಪಲ್ಸ್ ನಿಲ್ಲಿಸಿ ನೋಡಿದೆ, ನಾಲ್ಕು ಮಿಲಿಆಂಪ್, ಅದೂ ಸರಿ. ಹಾಗಂತ ಹೇಳಿದೆ. ಪ್ರೊಡಕ್ಷನ್ ಮ್ಯಾನೇಜರ್ ಸುದರ್ಶನ್ ತಕ್ಷಣ, "ಹಾಗಾದ್ರೆ ಇನ್ನೇನಿದೆ? ಮೀಟರ್ ಸರಿ ಇದೆ. ಆಪರೇಟರ್ ನೋಡದೇ ಹೇಳಿದ್ದಾನೆ" ಅಂದರು. ಷಡಕ್ಷರಿಯನ್ನು ಅವತ್ತೇ ಮನೆಗೆ ಕಳಿಸಿದರು. ಎರಡು ದಿನದಲ್ಲಿ ಸಸ್ಪೆಂಡ್ ಆರ್ಡರ್ ಬರುತ್ತೆ ಅಂತ ಎಲ್ಲರೂ ಮಾತಾಡಿಕೊಂಡರು.

ಮರುದಿನ ಶಿಫ್ಟ್ ಮುಗಿಸಿ ಶಿವಮೊಗ್ಗಕ್ಕೆ ಬರುವ ಬಸ್ ಬಿಟ್ಟು, ಜನ್ನಾಪುರಕ್ಕೆ ಷಡಕ್ಷರಿಯವರ ಮನೆಗೆ ಹೋದೆ. ಅವರು ಜಗುಲಿಯಲ್ಲಿ ಬನಿಯನ್ನಿನಲ್ಲೇ ಕೂತಿದ್ದರು. ನನ್ನನ್ನು ನೋಡಿ ಎದ್ದು ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದರು. ಹಣೆ ಖಾಲಿ ಇತ್ತು.

"ಷಡಕ್ಷರಣ್ಣ, ನೀವು ಮುಳ್ಳು ನೋಡಿದ್ರಿ ತಾನೆ?" ಅಂತ ಕೇಳಿದೆ.

"ನೋಡಿದ್ದೆ ಅಂತ ನಿನ್ನೆ ಗೊತ್ತಿತ್ತು ಕಣಮ್ಮ. ಎಲ್ಲರೂ ನೋಡಿಲ್ಲ, ನೋಡಿಲ್ಲ ಅಂತಿದ್ದಾರೆ. ಈಗ ನೋಡಿದ್ನೋ ಇಲ್ವೋ ನನಗೇ ಗೊತ್ತಾಗ್ತಿಲ್ಲ." ಅವರು ಎದುರು ಸಾಲಿನ ಸೆಲ್ವರಾಜನ ಮನೆಯ ಬೀಗ ನೋಡುತ್ತಾ ಹೇಳಿದರು. "ಅವನು ನನ್ನ ಮಾತು ನಂಬಿ ಕೈ ಹಾಕ್ದ."

"ನೆನಪಿರೋದನ್ನ ಹೇಳಿ. ತಪ್ಪಾದ್ರೂ ಪರವಾಗಿಲ್ಲ."

"ಮುಳ್ಳು ಇಳೀತಾ ಬಂತು. ಕೊನೇಲಿ, ಸ್ವಲ್ಪ ಇರೋವಾಗ, ಟಪ್ ಅಂತ ಬಿತ್ತು. ಮೊದಲೆಲ್ಲ ಹಾಗೆ ಬೀಳ್ತಿರಲಿಲ್ಲ, ಮೆಲ್ಲಗೆ ಹೋಗಿ ಕೂರೋದು. ಅಥವಾ ಇದೂ ನನ್ನ ಭ್ರಮೆಯೋ ಏನೋ ಮಾರಾಯ್ತಿ, ಯಾರಿಗೆ ಗೊತ್ತು."

ಟಪ್ ಅಂತ ಬಿತ್ತು. ಬಸ್ಸಿನಲ್ಲಿ ಬರುವಾಗ ಆ ಮಾತೇ ತಲೆಯಲ್ಲಿ. ಮರುದಿನ ಬೆಳಿಗ್ಗೆ ಚಂದ್ರಶೇಖರಯ್ಯನವರಿಗೆ ಹೇಳಿದೆ. ಅವರು ಚಹಾ ಲೋಟ ಕೆಳಗಿಟ್ಟು, "ಆ ಉರುಳೆಯ ಹಲ್ಲುಚಕ್ರ ಬದಲಾಯಿಸಿದ್ರಲ್ವಾ?" ಅಂದರು.

ಹೌದು. ಕೆಲವು ತಿಂಗಳ ಹಿಂದೆ ಮಿಷಿನ್ ಬಿಚ್ಚಿ ರಿಪೇರಿ ಮಾಡಿದಾಗ ಹಳೆಯ ಹಲ್ಲುಚಕ್ರ ಒಡೆದಿತ್ತು. ರಿಪೇರಿಗೆ ಬಂದಿದ್ದ ಹೊರಗಿನ ಕಂಪನಿಯವರು ಅದರ ಬದಲು ನಾಲ್ಕು ಬೋಲ್ಟು ಹೊಡೆದ ಒಂದು ತಟ್ಟೆ ಕೂರಿಸಿದ್ದರು. ಹಲ್ಲಿನ ಬದಲು ಬೋಲ್ಟಿನ ತಲೆ. ಅದಕ್ಕೆ ಸರಿಯಾಗಿ ಕನ್ವರ್ಟರನ್ನೂ ಹೊಂದಿಸಿಕೊಟ್ಟಿದ್ದರು. ಮಿಷಿನ್ ಓಡುವಾಗ ಮುಳ್ಳು ಸರಿಯಾದ ವೇಗದ ಮೇಲೆ ಕರಾರುವಾಕ್ಕಾಗಿ ನಿಲ್ಲುತ್ತಿತ್ತು. ಯಾರಿಗೂ ಸಂಶಯ ಬರುವಂತಿರಲಿಲ್ಲ.

ಆದರೆ ಉರುಳೆ ತೆವಳುವಾಗ? ಮೊದಲು ಒಂದು ಸುತ್ತಿಗೆ ಎಷ್ಟೊಂದು ಹಲ್ಲು ಹಾದುಹೋಗುತ್ತಿದ್ದವು, ನಿಧಾನವಾದರೂ ಪಲ್ಸ್ ಬರುತ್ತಲೇ ಇರುತ್ತಿದ್ದವು. ಈಗ ಒಂದು ಬೋಲ್ಟು ಹೋಗಿ ಇನ್ನೊಂದು ಬರುವಷ್ಟರಲ್ಲಿ ಯುಗ ಕಳೆಯುತ್ತದೆ. ಕನ್ವರ್ಟರ್ ಒಂದಷ್ಟು ಹೊತ್ತು ಮುಂದಿನ ಪಲ್ಸಿಗೆ ಕಾಯುತ್ತದೆ. ಬರಲಿಲ್ಲವೋ, ನಿಂತಿದೆ ಅಂತ ತೀರ್ಮಾನಿಸಿ ಸೊನ್ನೆ ತೋರಿಸಿಬಿಡುತ್ತದೆ. ಅದು ಕೆಟ್ಟಿಲ್ಲ. ಅದರ ಕೆಲಸ ಅದು ಮಾಡಿದೆ. ಅದಕ್ಕೇ ನನ್ನ ಪರೀಕ್ಷೆಯಲ್ಲಿ ಪಾಸಾಗಿತ್ತು.

"ಬಾಯಲ್ಲಿ ಹೇಳಿದ್ರೆ ಆಗಲ್ಲ. ತೋರಿಸೋಣ" ಅಂದರು ಚಂದ್ರಶೇಖರಯ್ಯ. ಸುದರ್ಶನ್ ಹತ್ತಿರ ಹೋಗಿ ಹಾಳೆಯಿಲ್ಲದೆ ಮಿಷಿನ್ ಓಡಿಸಲು ಒಪ್ಪಿಗೆ ಕೇಳಿದರು. ಅವರು ಗೊಣಗಿದರು, ಆದರೆ ಒಪ್ಪಿದರು. ಷಡಕ್ಷರಿಯವರನ್ನೂ ಕರೆಸಬೇಕು ಅಂತ ಹಟ ಹಿಡಿದವರು ಚಂದ್ರಶೇಖರಯ್ಯನವರೇ.

ನಾನು ಕಟಕಟೆಯ ಈಚೆ ಉರುಳೆಯ ಹತ್ತಿರ ನಿಂತೆ. ಉರುಳೆಯ ತುದಿಗೆ ಸೀಮೆಸುಣ್ಣದಿಂದ ಉದ್ದಕ್ಕೆ ಗೆರೆ ಎಳೆದಿದ್ದೆ. ಪ್ಯಾನೆಲ್ ರೂಮಿನಲ್ಲಿ ಷಡಕ್ಷರಿ, ಚಂದ್ರಶೇಖರಯ್ಯ, ಸುದರ್ಶನ್. ಮಿಷಿನ್ ವೇಗಕ್ಕೆ ಬಂತು, ಗೆರೆ ಕಾಣದಾಯಿತು. ಮೋಟಾರ್ ಆಫ್ ಮಾಡಿದರು. ಉರುಳೆ ನಿಧಾನವಾಗುತ್ತಾ ಬಂತು, ಗೆರೆ ಮತ್ತೆ ಕಾಣತೊಡಗಿತು. ನಮ್ಮ ಊಹೆ ಸುಳ್ಳಾದರೆ ಆ ಮನುಷ್ಯನ ಕಥೆ ಅಲ್ಲಿಗೆ ಮುಗಿಯಿತು.

ಇಂಟರ್‌ಕಾಮಿನಲ್ಲಿ ಷಡಕ್ಷರಿಯವರ ದನಿ ಬಂತು. "ಸೊನ್ನೆ. ಹಸಿರು ದೀಪ ಬಂತು."

ನನ್ನ ಕಣ್ಣೆದುರು ಬಿಳಿ ಗೆರೆ ಮೆಲ್ಲಗೆ ಮೇಲೆ ಬರುತ್ತಿತ್ತು. ಬಂತು, ಹಾದುಹೋಯಿತು, ಹಿಂದೆ ಮರೆಯಾಯಿತು. "ಸಾರ್, ತಿರುಗ್ತಿದೆ. ಇನ್ನೂ ತಿರುಗ್ತಾನೇ ಇದೆ" ಅಂತ ಕೂಗಿದೆ. ಗೆರೆ ಮತ್ತೊಮ್ಮೆ ಬಂತು.

ಸ್ವಲ್ಪ ಹೊತ್ತಿಗೆ ಸುದರ್ಶನ್ ಮೆಟ್ಟಿಲು ಇಳಿದು ಓಡಿಬಂದರು. ಕಟಕಟೆ ಹಿಡಿದು ಗೆರೆಯನ್ನೇ ನೋಡಿದರು. ಅದು ಕೊನೆಗೂ ನಿಂತ ಮೇಲೂ ನೋಡುತ್ತಲೇ ಇದ್ದರು. "ಇದರೊಳಗೆ ನಾವು ಎಷ್ಟು ಸಲ ಜನ ಕಳಿಸಿದ್ದೀವಿ" ಅಂದರು. ನಿಜವೇ. ಉಳಿದವರು ಕೈಗವಸು ಹುಡುಕಿ, ಮಾತಾಡಿಕೊಂಡು, ನಿಧಾನವಾಗಿ ಒಳಗೆ ಹೋಗುತ್ತಿದ್ದುದರಿಂದ ಬಚಾವಾಗಿದ್ದರು. ಸೆಲ್ವರಾಜ್ ಚುರುಕಾದ ಆಳು. ಮಾತು ಕೇಳಿದ ಕೂಡಲೇ ಹೋದ.

ಸುದರ್ಶನ್ ಪ್ಯಾನೆಲ್ ರೂಮಿಗೆ ವಾಪಸ್ ಹೋಗಿ ಎಲ್ಲರ ಎದುರಿಗೇ, "ಷಡಕ್ಷರಿ, ನಿಮ್ಮದೇನೂ ತಪ್ಪಿಲ್ಲ. ನಾನು ದುಡುಕಿದೆ" ಅಂದರು. ಷಡಕ್ಷರಿ ತಲೆಯಾಡಿಸಿದರು. ಅವರ ಮುಖದಲ್ಲಿ ನಾನು ನಿರೀಕ್ಷಿಸಿದ ನೆಮ್ಮದಿ ಕಾಣಲಿಲ್ಲ. "ನೋಡಿದ್ದೆ ಅಂತಾಯ್ತು" ಅಂದರು ಮೆಲ್ಲಗೆ, "ಬೆರಳು ಬರಲ್ವಲ್ಲ."

ಆ ಸಂಜೆ ಅವರನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ. ಗೇಟಿನವರೆಗೆ ಬಂದವರು ಅಲ್ಲೇ ನಿಂತರು. "ನೀನು ಹೋಗಮ್ಮ. ನನ್ನ ಕಾಲು ಬರ್ತಿಲ್ಲ." ನಾನೊಬ್ಬಳೇ ವಾರ್ಡಿಗೆ ಹೋದೆ. ವಳ್ಳಿ ನನ್ನ ಮುಖ ನೋಡದೆ ಸ್ಟೂಲು ಸರಿಸಿಕೊಟ್ಟಳು. ಸೆಲ್ವರಾಜನಿಗೆ ಎಲ್ಲವನ್ನೂ ವಿವರಿಸಿದೆ. ಹಲ್ಲುಚಕ್ರ, ಬೋಲ್ಟು, ಕಾಯುವ ಕನ್ವರ್ಟರ್. ಅವನು ಬ್ಯಾಂಡೇಜು ಸುತ್ತಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೇಳಿದ.

"ಅಂದ್ರೆ ಅಣ್ಣನಿಗೂ ನಿಂತಂಗೇ ಕಾಣ್ತು."

"ಹೌದು."

"ಅಣ್ಣ ಎಲ್ಲಿ?"

"ಗೇಟಿನ ಹತ್ರ ನಿಂತಿದ್ದಾರೆ. ಕರೀಲಾ?"

ಅವನು ಕಣ್ಣು ಮುಚ್ಚಿಕೊಂಡ. "ಬ್ಯಾಡಕ್ಕಾ, ಇವತ್ತು ಬ್ಯಾಡ. ತಪ್ಪಿಲ್ಲ ಅಂತ ಗೊತ್ತಾದ್ರೂ ಬೈಯೋ ಮನಸ್ಸಾಗ್ತಿದೆ. ಬೈದುಬಿಟ್ರೆ ಆಮೇಲೆ ಅವರೂ ನಾನೂ ಹೆಂಗೆ ಮುಖ ನೋಡೋದು? ಮನೆಗೆ ಹೋಗಿ ಊಟ ಮಾಡೋಕೆ ಹೇಳಿ."

ಕೆಳಗೆ ಬಂದು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಸಿಹಿ ಮಾಡಿ ಹೇಳಬೇಕು ಅನ್ನಿಸಿತ್ತು, ಆದರೆ ಆ ವಾರ ಸುಳ್ಳು ಸೊನ್ನೆ ಸಾಕಾಗಿತ್ತು. ಷಡಕ್ಷರಿ, "ಸರಿಯಾಗೇ ಹೇಳಿದಾನೆ" ಅಂದು ಬಸ್ ಸ್ಟ್ಯಾಂಡಿನ ಕಡೆ ನಡೆದರು.

ನಾವು ಹಲ್ಲುಚಕ್ರ ಮೊದಲಿನಂತೆ ಮಾಡಿಸಿದೆವು. ಹಸಿರು ದೀಪ ತಡವಾಗಿ ಹತ್ತುವಂತೆ ಮಾಡಿದೆವು. ಉರುಳೆಯ ತುದಿಗೆ ಪೇಂಟಿನಲ್ಲಿ ಬಿಳಿ ಪಟ್ಟೆ ಹೊಡೆಸಿದೆವು, ತಿರುಗದಂತೆ ತಡೆಯುವ ಕಬ್ಬಿಣದ ಗೂಟ ಹಾಕಿದ ಮೇಲೇ ಒಳಗೆ ಹೋಗಬೇಕು ಅಂತ ಆಯಿತು. ಹೊಸಬರಿಗೆ ನಾನು ಹೇಳುವುದಿಷ್ಟೇ. ಕನ್ವರ್ಟರನ್ನು ಪೂರ್ತಿಗೆ, ಅರ್ಧಕ್ಕೆ, ಸೊನ್ನೆಗೆ ಎಲ್ಲರೂ ಪರೀಕ್ಷೆ ಮಾಡುತ್ತಾರೆ. ಸೊನ್ನೆಗಿಂತ ಕೂದಲೆಳೆಯಷ್ಟು ಮೇಲೆ ಅದು ಏನು ಹೇಳುತ್ತದೆ ಅಂತಲೂ ನೋಡಿ. ಕಂಪ್ಯೂಟರ್ ಬಂದಿದೆ ನಿಜ. ಬಾರದ ಪಲ್ಸಿಗೆ ಎಷ್ಟು ಹೊತ್ತು ಕಾಯಬೇಕು ಅನ್ನುವುದನ್ನು ಅದಕ್ಕೂ ಯಾರೋ ಒಬ್ಬರು ಹೇಳಿಕೊಟ್ಟೇ ಇರುತ್ತಾರೆ. ಆ ಒಬ್ಬರು ನೀವಾಗಿರಬಹುದು.

ಷಡಕ್ಷರಿ ಪ್ಯಾನೆಲ್ಲಿಗೆ ವಾಪಸ್ ಬಂದರು, ವಿಭೂತಿಯೂ ಹಣೆಗೆ ಬಂತು. ಆದರೆ "ನಿಂತಿದೆ" ಅನ್ನುವ ಮಾತು ಅವರ ಬಾಯಿಂದ ಹೊರಡುತ್ತಿರಲಿಲ್ಲ. ಹಾಳೆ ಹರಿದಾಗಲೆಲ್ಲ ಇಂಟರ್‌ಕಾಮನ್ನು ಪಕ್ಕದವನ ಕೈಗೆ ಕೊಟ್ಟುಬಿಡುವರು. ಸ್ಕೂಟರಿನಲ್ಲಿ ಒಬ್ಬರೇ ಬರುತ್ತಿದ್ದರು.

ಕೆಲವು ತಿಂಗಳಾದ ಮೇಲೆ ಸೆಲ್ವರಾಜ್ ಕೆಲಸಕ್ಕೆ ಬಂದ. ಸ್ಟೋರಿನಲ್ಲಿ ಹಗುರವಾದ ಕೆಲಸ ಕೊಟ್ಟಿದ್ದರು. ಇಬ್ಬರೂ ಎದುರಾದಾಗ ಊಟ ಆಯ್ತಾ, ಮಕ್ಕಳು ಹೇಗಿದಾರೆ, ಇಷ್ಟೇ. ಒಂದು ಮಧ್ಯಾಹ್ನ ನಾನು ಪ್ಯಾನೆಲ್ ರೂಮಿನಲ್ಲಿ ಏನೋ ತಂತಿ ಬಿಗಿ ಮಾಡುತ್ತಿದ್ದೆ. ಹಾಳೆ ಹರಿಯಿತು. ಮಿಷಿನ್ ನಿಲ್ಲಿಸಿದರು, ಮುಳ್ಳು ಇಳಿಯಿತು, ಹಸಿರು ದೀಪ ಬಂತು. ಎಂದಿನಂತೆ ಷಡಕ್ಷರಿ ಇಂಟರ್‌ಕಾಮನ್ನು ಪಕ್ಕಕ್ಕೆ ಚಾಚಿದರು. ಅಷ್ಟರಲ್ಲಿ ಅದರೊಳಗಿಂದಲೇ ದನಿ ಬಂತು.

"ಅಣ್ಣಾ, ಸೆಲ್ವರಾಜ್ ಮಾತಾಡೋದು. ಸ್ಟೋರಿಂದ ಬಂದೆ, ಇಲ್ಲಿ ಆಳು ಕಮ್ಮಿ ಇದಾರೆ. ನಿಂತಿದೆಯಾ?"

ಪಕ್ಕದವನು ಇಂಟರ್‌ಕಾಮಿಗೆ ಕೈ ಚಾಚಿದ.

"ಬೇರೆಯವರು ಹೇಳಿದ್ರೆ ನಾ ಹೋಗಲ್ಲ. ನೀವೇ ಹೇಳಿ."

ಷಡಕ್ಷರಿ ಮುಳ್ಳು ನೋಡಿದರು, ದೀಪ ನೋಡಿದರು, ನನ್ನ ಕಡೆಗೂ ನೋಡಿದರು. ಆಮೇಲೆ ಇಂಟರ್‌ಕಾಮನ್ನು ಮೇಜಿನ ಮೇಲಿಟ್ಟು ಎದ್ದು ಹೊರಗೆ ಹೋದರು. ನಾನು ಗಾಜಿನಿಂದ ನೋಡುತ್ತಾ ನಿಂತೆ. ಮೆಟ್ಟಿಲಿಳಿದು, ಆವಿಯ ನಡುವೆ ನಡೆದು, ಉರುಳೆಯ ಹತ್ತಿರ ಹೋಗಿ ಬಗ್ಗಿ ಬಿಳಿ ಪಟ್ಟೆಯನ್ನು ನೋಡಿದರು. ಗೂಟ ಕೂತಿದೆಯೇ ಅಂತ ಅಲ್ಲಾಡಿಸಿ ನೋಡಿದರು. ಆಮೇಲೆ ಸೆಲ್ವರಾಜನ ಎದುರು ನಿಂತು ಏನೋ ಹೇಳಿದರು. ಸೆಲ್ವರಾಜನ ಕೈಯಲ್ಲಿ ಇಂಟರ್‌ಕಾಮ್ ಇನ್ನೂ ಆನ್ ಇತ್ತು, ಮೇಜಿನ ಮೇಲಿದ್ದುದರಲ್ಲಿ ಅದು ನನಗೂ ಕೇಳಿಸಿತು.

"ನಿಂತಿದೆ ಕಣೋ."

"ಹಂಗಾದ್ರೆ ಬನ್ನಿ, ಒಂದು ಕೈ ಹಾಕಿ. ನನಗೆ ಈಗ ಎಡಗೈಯೊಂದೇ ಜೋರು."

ಇಬ್ಬರೂ ಒಳಗೆ ಹೋಗಿ ಹರಿದ ಹಾಳೆ ಎಳೆಯತೊಡಗಿದರು.